ಲವಂಗದ ಕೆಂಪು, ಪುದೀನಾದ ಹಸಿರು

ಈಚೆಗೆ ಶಿರೋಳದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಅಂಗನವಾಡಿ ಹುಡುಗಿಯರಿಗೆ ತರಬೇತಿ ಇಟ್ಟಿದ್ದರು. ಮಕ್ಕಳು ಆಡುವ ಬಣ್ಣದ ಹಿಟ್ಟನ್ನು ಮನೆಯಲ್ಲೇ ಹೇಗೆ ಮಾಡುವುದೆಂದು ತೋರಿಸಲು, ನಿವೃತ್ತಳಾಗಿ ಕೂತಿದ್ದ ನನ್ನನ್ನು ಕರೆದರು. ನಾನು ಪಾತ್ರೆ, ಉಪ್ಪು, ಎಣ್ಣೆ, ಲವಂಗ ಎಲ್ಲ ಗಂಟು ಕಟ್ಟಿಕೊಂಡು ಹುರುಪಿನಿಂದ ಹೋದೆ. ಇನ್ನೂ ಒಲೆ ಹೊತ್ತಿಸಿರಲಿಲ್ಲ, ಮುಂದಿನ ಸಾಲಿನ ಹುಡುಗಿಯೊಬ್ಬಳು ಚೀಲದಿಂದ ಪ್ಲಾಸ್ಟಿಕ್ ಡಬ್ಬಿ ತೆಗೆದು ತೋರಿಸಿದಳು. "ಬಾಯಾರ, ಇದು ಇಚಲಕರಂಜಿ ಬಜಾರದಾಗ ತಯಾರನ ಸಿಗತೈತ್ರಿ. ಇಷ್ಟ ತ್ರಾಸ ಯಾಕ ತಗೋಬೇಕ್ರಿ?" ಅಂದಳು. ನಾನು ಡಬ್ಬಿ ಮೂಸಿ ನೋಡಿದೆ. ಬಣ್ಣ ಬೇರೆ ಬೇರೆ, ವಾಸನೆ ಮಾತ್ರ ಎಲ್ಲಕ್ಕೂ ಒಂದೇ, ಹೊಸ ಚಪ್ಪಲಿಯದು. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಹುಡುಗಿಯದೇನು ತಪ್ಪು? ತ್ರಾಸ ಯಾಕೆ ಎನ್ನುವುದಕ್ಕೆ ಅಂದು ಅಲ್ಲಿ ಉತ್ತರ ಹೇಳಲು ಪುರುಸೊತ್ತಿರಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಡ್ತಿ, ಬಿರುದು ಅಂತ ನನ್ನ ಹತ್ತಿರ ಹೇಳುವುದಕ್ಕೆ ಏನೂ ಇಲ್ಲ. ಅಂಗನವಾಡಿ ಬಾಯಿಯಾಗಿ, ಅಂದರೆ ಶಿಕ್ಷಕಿಯಾಗಿ ಸೇರಿದೆ, ಅಂಗನವಾಡಿ ಬಾಯಿಯಾಗಿಯೇ ಮನೆಗೆ ಬಂದೆ. ನನ್ನ ಕೋಣೆ ಇದ್ದದ್ದು ದತ್ತವಾಡದಿಂದ ಆಚೆ, ಮಹಾರಾಷ್ಟ್ರದ ಗಡಿಯೊಳಗಿನ ಕಬ್ಬಿನ ಹೊಲಗಳ ನಡುವೆ. ಬರುವ ಮಕ್ಕಳಲ್ಲಿ ಅರ್ಧ ನಮ್ಮಂಥ ಲಿಂಗಾಯತ ರೈತರ ಮನೆಯವು, ಇನ್ನರ್ಧ ಕುರುಬರ ವಸ್ತಿಯವು. ಮನೆಯಲ್ಲಿ ಎಲ್ಲರದೂ ಕನ್ನಡ. ಅಂಗಡಿಗೆ, ಕಚೇರಿಗೆ, ನಮ್ಮ ಅಂಗನವಾಡಿಗೆ ಮರಾಠಿ. ನಾನು ಎರಡನ್ನೂ ಕಲಸಿಯೇ ಹೇಳುತ್ತಿದ್ದೆ. ಕೆಂಪು ಅಂದರೆ ತಾಂಬಡಾ, ಹಸಿರು ಅಂದರೆ ಹಿರವಾ. ಮಕ್ಕಳಿಗೆ ಅದರಿಂದ ಏನೂ ತೊಂದರೆ ಆಗಲಿಲ್ಲ, ಮೇಲಿನವರಿಗೇ ಆಗುತ್ತಿತ್ತು.

ಸರ್ಕಾರದಿಂದ ಆಟಿಕೆಯ ಪೆಟ್ಟಿಗೆ ಬಂದಿತ್ತು. ಆದರೆ ಅದಕ್ಕೆ ಕೀಲಿ. ತಪಾಸಣೆಗೆ ಬಂದವರು ಲೆಕ್ಕ ಕೇಳುತ್ತಾರೆ, ಒಂದು ಗೊಂಬೆಯ ಕೈ ಮುರಿದರೂ ನನ್ನ ಕೈ ಮುರಿದ ಹಾಗೆ. ಹೀಗಾಗಿ ಮಕ್ಕಳು ಪೆಟ್ಟಿಗೆಯನ್ನು ದೂರದಿಂದ ನೋಡುವುದು, ನಾನು ಅದರ ಮೇಲಿನ ಧೂಳು ಒರೆಸುವುದು. ಮಣ್ಣೆತ್ತಿನ ಅಮಾವಾಸ್ಯೆಯ ಮುಂದೆ ಮಕ್ಕಳು ಕೆರೆಯ ಮಣ್ಣು ತಂದು ಎತ್ತು ಮಾಡುತ್ತ ಕೂತಿದ್ದನ್ನು ನೋಡಿ, ವರ್ಷವಿಡೀ ಹೀಗೆ ಕೈಗೆ ಮೆತ್ತಗಿನದೊಂದು ಸಿಗಬೇಕಲ್ಲ ಅನಿಸಿತು. ಮನೆಯಲ್ಲಿ ಗೋಧಿ ಹಿಟ್ಟು ತೆಗೆಯಲು ಹೋದರೆ ಅತ್ತೆಯವರು ಡಬ್ಬಿಯ ಮೇಲೆ ಕೈ ಇಟ್ಟರು. "ತಿನ್ನೂ ಹಿಟ್ಟು ಆಟಕ್ಕ ಒಯ್ಯತಿ? ಅನ್ನಾ ಕಾಲಾಗ ಬೀಳತೈತಿ" ಅಂದರು. ಅವರು ಹೇಳಿದ್ದು ಸರಿಯೇ ಇತ್ತು. ಕೊನೆಗೆ ಗಿರಣಿಯವನನ್ನು ಕೇಳಿದೆ. ಗಿರಣಿಯ ಸುತ್ತ ಉದುರುವ ಹಿಟ್ಟನ್ನು ಅವನು ಸಂಜೆ ಗುಡಿಸಿ ದನಕ್ಕೆ ಹಾಕುತ್ತಿದ್ದ. ಅದನ್ನು ನನಗೆ ಕೊಡತೊಡಗಿದ. ಜೋಳ, ಗೋಧಿ, ಕಡಲೆ ಎಲ್ಲ ಬೆರೆತ ಹಿಟ್ಟು, ಯಾರ ತಾಟಿಗೂ ಹೋಗದ್ದು. ಅದನ್ನು ಮನೆಗೆ ತಂದಾಗ ಅತ್ತೆಯವರು ತಾವೇ ಎರಡು ಸಲ ಜರಡಿ ಹಿಡಿದುಕೊಟ್ಟರು.

ಮಾಡುವ ರೀತಿ ಕಷ್ಟವಿಲ್ಲ. ಹಿಟ್ಟಿನ ಅರ್ಧದಷ್ಟು ಉಪ್ಪು, ಸ್ವಲ್ಪ ಎಣ್ಣೆ, ಅರ್ಧ ನಿಂಬೆಹಣ್ಣು, ಬಣ್ಣ ಕಟ್ಟಿದ ನೀರು. ಸಣ್ಣ ಉರಿಯಲ್ಲಿ ಇಟ್ಟು ತಿರುವುತ್ತಲೇ ಇರಬೇಕು, ಕಡಲೆ ಹಿಟ್ಟಿನ ಝುಣಕದ ಹಾಗೆ ಪಾತ್ರೆ ಬಿಟ್ಟು ಬರುವ ತನಕ. ಬಿಸಿ ಆರುವುದರೊಳಗೆ ನಾದಬೇಕು. ಜೋಳ ಹೆಚ್ಚಾದರೆ ಬಿರಿಯುತ್ತದೆ, ಆಗ ಒಂದು ಹಿಡಿ ಗೋಧಿ ಸೇರಿಸಬೇಕು. ಕೆಂಪಿಗೆ ಬೀಟ್‌ರೂಟ್, ಹಸಿರಿಗೆ ಪಾಲಕ್, ಹಳದಿಗೆ ಅರಿಶಿನ.

ಇಷ್ಟು ಕಲಿಯಲು ನಾನು ಪಟ್ಟ ಪಾಡು ಬೇರೆ. ಒಂದು ಬೇಸಿಗೆಯಲ್ಲಿ ಗಿರಣಿಯವನು ಊರವರ ವರ್ಷದ ಖಾರ ಬೀಸಿದ್ದ, ನನಗೆ ಹೇಳಲಿಲ್ಲ. ಹಿಟ್ಟು ನಾದುವಾಗ ಕೈ ಚುರುಗುಟ್ಟಿದರೂ ಬಿಸಿಗೆ ಅಂದುಕೊಂಡೆ. ಮಕ್ಕಳು ಆಡುತ್ತ ಆಡುತ್ತ ಮೂಗು, ಕಣ್ಣು ಮುಟ್ಟಿಕೊಂಡರು. ಕೋಣೆ ತುಂಬ ಅಳುವೇ ಅಳು. ನಾನು ಮತ್ತು ಸಹಾಯಕಿ ಹೌಸಾಬಾಯಿ ಒಬ್ಬೊಬ್ಬರನ್ನೇ ಹಿಡಿದು ಮುಖ ತೊಳೆದು ತುಪ್ಪ ಹಚ್ಚಿದೆವು. ತಾಯಂದಿರು ಬಂದು ಬೈಯುವ ಮೊದಲು ನಾನೇ ಅಳುತ್ತ ಕೂತಿದ್ದೆ, ಹೀಗಾಗಿ ಬೈಗುಳ ತಪ್ಪಿತು. ಆಮೇಲಿನಿಂದ ಬೇಸಿಗೆಯಲ್ಲಿ ಗಿರಣಿಯ ಹಿಟ್ಟು ನಾಲಿಗೆಗೆ ಹಚ್ಚಿ ನೋಡದೆ ಒಲೆಗೆ ಇಡಲಿಲ್ಲ.

ವಾಸನೆ ಹಾಕುವುದು ಶುರುವಾದದ್ದು ಅಂದಕ್ಕಲ್ಲ. ಎಣ್ಣೆ ಹಿಟ್ಟು ಎರಡು ದಿನಕ್ಕೆ ಕಮಟು ನಾರುತ್ತಿತ್ತು, ಅದನ್ನು ಮುಚ್ಚಲು. ಮೊದಲು ಏಲಕ್ಕಿ ಹಾಕಿದೆ. ಮಕ್ಕಳು ಉಂಡಿಯೆಂದು ತಿಂದರು! ಉಪ್ಪಿಗೆ ಮುಖ ಕಿವುಚಿದರೂ ಬಿಡಲಿಲ್ಲ, ಕೊಡದ ನೀರೆಲ್ಲ ಖಾಲಿಯಾಯಿತು. ಹಾಗಾಗಿ ಏಲಕ್ಕಿ ಬಿಟ್ಟು, ತಿನ್ನಬೇಕೆನಿಸದ ವಾಸನೆ ಹುಡುಕಿದೆ. ಕೆಂಪಿಗೆ ಲವಂಗ ಕುದಿಸಿದ ನೀರು, ಹಸಿರಿಗೆ ಪುದೀನಾ ಕುದಿಸಿದ ನೀರು. ಅರಿಶಿನಕ್ಕೆ ಅದರದೇ ವಾಸನೆ ಸಾಕು. ಬಾಗಿಲು ತೆಗೆದ ಕೂಡಲೇ ಕೋಣೆಯ ಆ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಈಗಲೂ ಅಡುಗೆಗೆ ಲವಂಗ ಜಜ್ಜುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ. ಆ ದಿನಗಳು ಭಾಳ ನೆನಪಾಗುತ್ತವೆ, ಸುಳ್ಳು ಯಾಕೆ ಹೇಳಲಿ.

ಹಳದಿ ಹಿಟ್ಟು ಕುರುಬರ ಮಕ್ಕಳ ಕೈಗೆ ಹೋದ ದಿನ ನನಗೆ ಇನ್ನೊಂದು ಪಾಠವಾಯಿತು. ರೈತರ ಮಕ್ಕಳು ಅದನ್ನು ತಟ್ಟಿ ಭಕ್ರಿ ಮಾಡುತ್ತಿದ್ದರೆ, ವಸ್ತಿಯ ಮಕ್ಕಳು ಅದನ್ನು ಹಣೆಗೆ ಒತ್ತಿಕೊಂಡು, ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಕೈ ಮುಗಿದು ಸುಮ್ಮನೆ ಕೂತುಬಿಟ್ಟವು. ಅರಿಶಿನದ ವಾಸನೆ ಬಂದರೆ ಅವರಿಗೆ ಅದು ಬೀರದೇವರ ಭಂಡಾರ, ದೇವರ ಮೇಲೆ ತೂರುವ ಪವಿತ್ರ ಅರಿಶಿನ. ಅದರಲ್ಲಿ ಯಾರಾದರೂ ಆಡುತ್ತಾರೆಯೇ? ಅಷ್ಟರಲ್ಲಿ ಯಾರೋ ಒಂದು ಉಂಡಿ ಕೆಳಗೆ ಬೀಳಿಸಿ ತುಳಿದರು. ಮಾಯವ್ವ ಎನ್ನುವ ಪುಟ್ಟ ಹುಡುಗಿ ಗೋಳೋ ಎಂದು ಅತ್ತು ಜೊತೆಯ ಮಕ್ಕಳ ಕೈ ಹಿಡಿದು ಮನೆಗೆ ಹೋದಳು. ಹಿಂದೆಯೇ ಅವಳ ಅಜ್ಜಿ ಬಾಳವ್ವ ಬಂದಳು, ಕೈಯಲ್ಲಿ ಉಣ್ಣೆ ನೂಲುವ ಕದಿರು ಹಿಡಿದುಕೊಂಡೇ.

"ಬಾಯಾರ, ಭಂಡಾರ ಕಾಲಾಗ ಹಾಕಿ ತುಳಸಾಕತ್ತೀರಂತಲ್ಲ?"

ನಾನು ಗಾಬರಿಯಾಗಿ ಪೂರಾ ಕಥೆ ಹೇಳಿದೆ. ಅವಳು ಹಿಟ್ಟು ಮೂಸಿದಳು, ಒಂದು ಚೂರು ನಾಲಿಗೆಗೆ ಇಟ್ಟು ಉಗುಳಿದಳು. "ಉಪ್ಪ ಹಾಕೀರಲ್ಲ, ಭಂಡಾರಕ್ಕ ಯಾರರ ಉಪ್ಪ ಹಾಕ್ತಾರೇನ್ರಿ?" ಎಂದು ನಕ್ಕಳು. ಆದರೆ ಹೋಗುವಾಗ ಆ ಹಳದಿಯನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಹರಿಯುವ ನೀರಿಗೆ ಬಿಟ್ಟಳು. ನಾನು ಮತ್ತೆ ಅರಿಶಿನ ಮುಟ್ಟಲಿಲ್ಲ. ನಿಮ್ಮ ಊರಿನಲ್ಲಿ ಯಾವ ಬಣ್ಣ, ಯಾವ ವಾಸನೆ ದೇವರಿಗೆ ಸೇರಿದ್ದು ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ಈ ಮಾಯವ್ವ ಮೆಲ್ಲಗೆ ನನ್ನ ಮೆಚ್ಚಿನವಳಾದಳು. ಗೋಡೆ ಹಿಡಿದು ನಡೆಯುವ ನಾಚಿಕೆಯ ಹುಡುಗಿ. ಏನು ಕೊಟ್ಟರೂ ಮೊದಲು ಮೂಗಿಗೆ ಹಿಡಿಯುತ್ತಿದ್ದಳು. ಕುರಿಗಳ ನಡುವೆ ಬೆಳೆದ ಮಗು, ಅದಕ್ಕೆ ಹಾಗೆ ಅಂದುಕೊಂಡೆವು. ಆದರೆ ಬಣ್ಣ ಹೇಳುವುದರಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ. ಉಂಡಿ ಕೈಗಿಟ್ಟರೆ ಸಾಕು, "ತಾಂಬಡಾ", "ಹಿರವಾ" ಎಂದು ಮರಾಠಿಯಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ನಾನು ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದೆ.

ನಮ್ಮ ಸೂಪರ್‌ವೈಜರ್ ಮ್ಯಾಡಮ್‌ಗೆ ನನ್ನ ಹಿಟ್ಟಿನಾಟ ಅಷ್ಟಕ್ಕಷ್ಟೆ. ಮೊದಲ ಸಲ ನೋಡಿದಾಗ "ಅಹೋ ಬಾಯಿ, ಹೇ ಕಾಯ ಚಾಲಲಂಯ?" ಇದೇನು ನಡೆದಿದೆ ಎಂದು ಹುಬ್ಬು ಗಂಟಿಕ್ಕಿದ್ದರು. ವಸ್ತಿಯ ಮಕ್ಕಳು ಮರಾಠಿ ಕಲಿಯುವುದಿಲ್ಲ ಎನ್ನುವುದು ಅವರ ಗಟ್ಟಿ ಅಭಿಪ್ರಾಯ. ಆ ಅಭಿಪ್ರಾಯ ಮುರಿಯಬೇಕೆಂದು ನಾನು ಕಾಯುತ್ತಿದ್ದೆ. ನಾಗರ ಪಂಚಮಿಯ ಹಿಂದಿನ ದಿನ ಅವರು ಬರುತ್ತಾರೆಂದು ಸುದ್ದಿ ಬಂತು. ನಮ್ಮ ಮನೆಯಲ್ಲಿ ಆವತ್ತು ತವರಿಗೆ ಬಂದ ನಾದಿನಿಯರು, ಒಲೆ ತುಂಬ ಉಂಡಿಯ ಗಲಾಟೆ, ಎಳ್ಳು ಹುರಿದ ವಾಸನೆ, ಬೆಲ್ಲದ ಪಾಕದ ವಾಸನೆ. ಅದರ ನಡುವೆ ಒಂದು ಮೂಲೆಯಲ್ಲಿ ಗಡಿಬಿಡಿಯಿಂದ ಹಿಟ್ಟು ತಿರುವಿ ಕೆಂಪು, ಹಸಿರು ಎರಡೂ ಕಟ್ಟಿಕೊಂಡು ಓಡಿದೆ.

ಮ್ಯಾಡಮ್ ಬಂದರು, ಕೂತರು. ನಾನೇ ಮಾಯವ್ವನನ್ನು ಮುಂದೆ ನಿಲ್ಲಿಸಿದೆ. ಮ್ಯಾಡಮ್ ಕೆಂಪು ಉಂಡಿ ಅವಳ ಕೈಗೆ ಕೊಟ್ಟು "ಹಾ ಕುಠಲಾ ರಂಗ, ಬಾಳ?" ಎಂದು ಬಣ್ಣ ಕೇಳಿದರು. ಮಾಯವ್ವ ಅದನ್ನು ಮೂಗಿನ ಹತ್ತಿರ ಒಯ್ದು ಖುಷಿಯಿಂದ ಹೇಳಿದಳು: "ಹಿರವಾ!"

ಮಕ್ಕಳು ಹೋ ಎಂದು ನಕ್ಕರು. ಮ್ಯಾಡಮ್ ಹಸಿರು ಉಂಡಿ ಕೊಟ್ಟರು. "ತಾಂಬಡಾ!" ಅಂದಳು, ಇನ್ನೂ ಗಟ್ಟಿಯಾಗಿ. ಮ್ಯಾಡಮ್ ನನ್ನ ಕಡೆ ತಿರುಗಿ, ಇದು ಬರೀ ಬಾಯಿಪಾಠ, ತಿಳಿದು ಹೇಳುತ್ತಿಲ್ಲ ಎಂದು ಮರಾಠಿಯಲ್ಲಿ ಹೇಳಿ ಎದ್ದು ಹೋದರು. ನನಗೆ ಹುಡುಗಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವಳ ಮುಖವನ್ನೂ ನೋಡಲಿಲ್ಲ.

ಮಕ್ಕಳು ಹೋದ ಮೇಲೆ ಹೌಸಾಬಾಯಿ ಹಿಟ್ಟು ಎತ್ತಿಡುತ್ತಿದ್ದಳು. "ಬಾಯಾರ, ಇವತ್ತ ಕೆಂಪಿನ್ಯಾಗ ಪುದೀನಾ ಹಾಕೀರೇನ್ರಿ?" ಅಂದಳು.

ಕಸಿದುಕೊಂಡು ಮೂಸಿದೆ. ಕೆಂಪಿಗೆ ಪುದೀನಾ, ಹಸಿರಿಗೆ ಲವಂಗ. ಮನೆಯ ಗದ್ದಲದಲ್ಲಿ ಕುದಿಸಿಟ್ಟ ನೀರಿನ ತಂಬಿಗೆ ಅದಲುಬದಲಾಗಿತ್ತು, ಎಳ್ಳಿನ ವಾಸನೆಯಲ್ಲಿ ನನ್ನ ಮೂಗಿಗೆ ತಿಳಿದಿರಲಿಲ್ಲ. ಮಾಯವ್ವ ತಪ್ಪು ಹೇಳಿರಲಿಲ್ಲ. ಅವಳು ಎಂದೂ ಬಣ್ಣವನ್ನು ಹೇಳಿರಲೇ ಇಲ್ಲ, ವಾಸನೆಯನ್ನೇ ಹೇಳುತ್ತ ಬಂದಿದ್ದಳು. ಲವಂಗಕ್ಕೆ ತಾಂಬಡಾ ಎನ್ನುತ್ತಾರೆ, ಪುದೀನಾಕ್ಕೆ ಹಿರವಾ ಎನ್ನುತ್ತಾರೆ ಎಂದು ಆ ಮಗು ತಿಳಿದುಕೊಂಡಿತ್ತು. ಹಾಗೆಂದು ಕಲಿಸಿದವಳು ನಾನೇ.

ಪಂಚಮಿ ಮುಗಿದ ಮಾರನೆಯ ದಿನ ವಸ್ತಿಗೆ ಹೋದೆ. ಬಾಳವ್ವ ಗುಡಿಸಲ ಮುಂದೆ ನೂಲುತ್ತ ಕೂತಿದ್ದಳು. ನಾನು ವಿಷಯ ಹೇಳಿದರೆ ಅವಳಿಗೆ ನಗು. "ಕತ್ತಲದಾಗ ಮರಿ ಹೆಸರ ಹಿಡಿದ ಕರೀತಾಳ ನಮ್ಮ ಮಾಯಿ. ಆಕಿ ಕಣ್ಣಿಗೇನ ಆಗೈತ್ರಿ?" ಅಂದಳು. ನಾನು ವಾದಿಸಲಿಲ್ಲ. ಒಂದು ಕೆಂಪು, ಒಂದು ಹಸಿರು ಉಂಡಿ ತಂದಿದ್ದೆ, ಎರಡಕ್ಕೂ ಲವಂಗವನ್ನೇ ಹಾಕಿ. ಮಾಯವ್ವನ ಎರಡೂ ಕೈಗೆ ಇಟ್ಟೆ. ಅವಳು ಎರಡನ್ನೂ ಮೂಸಿ, "ಎರಡೂ ತಾಂಬಡಾ" ಅಂದಳು. ಬಾಳವ್ವ ಇನ್ನೂ ನೂಲುತ್ತಲೇ ಇದ್ದಳು. ನಾನು ಮೂರನೆಯದನ್ನು ಕೊಟ್ಟೆ, ಅಚ್ಚ ಕೆಂಪು, ಆದರೆ ಯಾವ ವಾಸನೆಯನ್ನೂ ಹಾಕದ್ದು. ಹುಡುಗಿ ಮೂಸಿದಳು, ತಿರುವಿ ತಿರುವಿ ಮತ್ತೆ ಮೂಸಿದಳು.

"ಬಾಯಾರ, ಇದಕ್ಕ ಬಣ್ಣಾನ ಇಲ್ಲ" ಅಂದಳು.

ಬಾಳವ್ವನ ಕದಿರು ನಿಂತಿತು. ಮೊಮ್ಮಗಳ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿ, "ಮಾಯಿ, ಕಾಣಸೂದಿಲ್ಲೇನವಾ ನಿನಗ?" ಎಂದು ಕೇಳಿದಳು.

"ಕಾಣಸ್ತೈತಿ. ಉಂಡಿ ಐತಿ" ಅಂದಳು ಹುಡುಗಿ. ಅವಳ ಪಾಲಿಗೆ ಕಾಣುವುದೆಂದರೆ ಅಷ್ಟೆ. ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡಳು.

ನಾನು ಸೂಪರ್‌ವೈಜರ್ ಮ್ಯಾಡಮ್‌ಗೆ ಹೇಳಿದೆ. ಅವರ ಬಗ್ಗೆ ನಾನು ಎಷ್ಟು ಗೊಣಗಿದ್ದರೂ ಇದನ್ನು ಬರೆಯಲೇಬೇಕು: ಆರೋಗ್ಯ ತಂಡದ ಡಾಕ್ಟರನ್ನು ಅದೇ ವಾರ ಕರೆತಂದವರು ಅವರು, ಕೊಲ್ಲಾಪುರದ ದವಾಖಾನೆಗೆ ನಮ್ಮ ಜೊತೆ ಬಂದು ಸಾಲಿನಲ್ಲಿ ನಿಂತವರೂ ಅವರೇ. ಅಲ್ಲಿ ಡಾಕ್ಟರು ಎರಡೂ ಕಣ್ಣಿನಲ್ಲಿ ಮೋತಿಬಿಂದು ಇದೆ, ಪೊರೆ ಬಲಿತಿದೆ ಅಂದರು. ಬಾಳವ್ವ ನಂಬಲಿಲ್ಲ. "ಮೋತಿಬಿಂದು ಮುದುಕ್ಯಾರಿಗೆ ಬರೂದ್ರಿ. ನನಗ ಬರೂದು ಹಾದಿ ತಪ್ಪಿ ಕೂಸಿಗೆ ಬಂದೈತಿ" ಎಂದು ಹಣೆ ಚಚ್ಚಿಕೊಂಡಳು. ಬೇಗ ತೆಗೆಸಬೇಕು, ತಡ ಮಾಡಿದರೆ ಆಮೇಲೆ ಪೊರೆ ತೆಗೆದರೂ ನೋಡುವುದನ್ನು ಕಲಿಯುವ ವಯಸ್ಸು ದಾಟಿರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು.

ಆಪರೇಶನ್ನಿಗೆ ಸರದಿ ಬರುವುದು ದೀಪಾವಳಿಯ ಆಚೆ. ದೀಪಾವಳಿ ಆದ ಕೂಡಲೇ ಕುರಿ ಮೇವು ಹುಡುಕಿಕೊಂಡು ತಿಂಗಳುಗಟ್ಟಲೆ ಊರೂರಿಗೆ ಹೊರಡುತ್ತವೆ, ಜೊತೆಗೆ ಮನೆ ಮಂದಿಯೆಲ್ಲ. ಮಾಯವ್ವನ ಅಪ್ಪ ವಿಠ್ಠಪ್ಪ ಒಪ್ಪಲಿಲ್ಲ. "ಕಣ್ಣಿಗೆ ಕತ್ತರಿ ಹಾಕಿಸಿ ಇದ್ದದ್ದೂ ಹೋದ್ರ? ಈಗ ಹೆಂಗ ಅದಾಳ ಹಂಗ ಇರಲಿ. ಕುರಿ ಜೋಡಿ ಬರ್ತಾಳ, ನಾವು ನೋಡಕೋತೀವಿ" ಅಂದ. ಕೆಟ್ಟ ಮನುಷ್ಯನಲ್ಲ, ಹೆದರಿದ್ದ. ನಾನು ದಿನವೂ ಹೋಗಿ ಹೇಳಿದೆ, ಜಗಳವನ್ನೂ ಆಡಿದೆ. ಕುರಿ ಒಮ್ಮೆ ಹೊರಟರೆ ಆ ಹುಡುಗಿಯ ಕಣ್ಣು ಅದರ ಹಿಂದೆಯೇ ಹೋಯಿತೆಂದು ನನಗೆ ಗೊತ್ತಿತ್ತು.

ಕೊನೆಗೆ ಬಾಳವ್ವ ದೇವರನ್ನೇ ಕೇಳೋಣ ಅಂದಳು. ಬೀರದೇವರ ಗುಡಿಯಲ್ಲಿ ಕೌಲು ಹಚ್ಚುವುದು, ಅಂದರೆ ದೇವರ ಮೈಗೆ ಹೂ ಅಂಟಿಸಿ ಕೂರುವುದು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಡಾಕ್ಟರ ಮಾತು ಆಯಿತು, ನನ್ನ ಮಾತು ಆಯಿತು, ಇನ್ನು ಎಲ್ಲ ಒಂದು ಹೂವಿನ ಕೈಯಲ್ಲಿ! ವಿಠ್ಠಪ್ಪ ಕಣ್ಣು ಮಿಟುಕಿಸದೆ ಕೂತಿದ್ದ. ನಾವು ಕೂತೆವು, ಕೂತೇ ಇದ್ದೆವು. ಹೂ ಎಡಕ್ಕೂ ಬೀಳಲಿಲ್ಲ, ಬಲಕ್ಕೂ ಬೀಳಲಿಲ್ಲ. ಪೂಜಾರಿಗೂ ಸಾಕಾಗಿ ನಾಳೆ ಬರ್ರಿ ಅಂದ. ಬಾಳವ್ವ ಮೊಣಕಾಲ ಮೇಲೆ ಕೈಯೂರಿ ಎದ್ದಳು.

"ನಡೀರಿ ಬಾಯಾರ. ದೇವರು ಬ್ಯಾಡ ಅಂದಿಲ್ಲಲ್ಲ" ಅಂದಳು.

"ಹೌದೂ ಅಂದಿಲ್ಲಲ್ಲಬೇ" ಅಂದ ಮಗ.

"ಹೌದನ್ನಾಕ ನಾ ಅದೇನಿ. ನೀವು ಕುರಿ ಹೊಡಕೊಂಡ ಹೋಗ್ರಿ. ನಾನೂ ಮಾಯಿನೂ ಇಲ್ಲೇ ಇರತೀವಿ."

ಮದುವೆಯಾಗಿ ಬಂದಾಗಿನಿಂದ ಅವಳು ಕುರಿಯ ಜೊತೆ ಹೋಗದ ವರ್ಷವೇ ಇರಲಿಲ್ಲ. ತಳ, ಅಂದರೆ ಬಿಡಾರ, ಎಲ್ಲಿ ಬಿಡಬೇಕು, ಯಾರ ಹೊಲದಲ್ಲಿ ಕುರಿ ಕೂರಿಸಬೇಕು, ಎಲ್ಲ ಅವಳ ಮಾತಿನ ಮೇಲೆ ನಡೆಯುತ್ತಿತ್ತು. ಕುರಿ ಹೊರಟ ಬೆಳಿಗ್ಗೆ ನಾನೂ ವಸ್ತಿಯಲ್ಲಿದ್ದೆ. ಮುದುಕಿ ರಸ್ತೆಯ ತನಕ ಹೋಗಿ, ಧೂಳು ಅಡಗುವವರೆಗೆ ನಿಂತಿದ್ದಳು. ಹಿಂದಿರುಗಿ ಬಂದು, "ಮನ್ಯಾಗ ಕುಂತ ಏನ ಮಾಡಬೇಕ್ರಿ ಬಾಯಾರ ದಿನಾ ಪೂರ್ತಿ?" ಎಂದು ಕೇಳಿದಳು. ನನಗೆ ಅಳು ತಡೆಯಲಿಲ್ಲ.

ಕೊಲ್ಲಾಪುರದಲ್ಲಿ ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಆ ದಿನಗಳಲ್ಲಿ ನನಗೆ ಅಂಗನವಾಡಿಯಲ್ಲಿ ಮನಸ್ಸೇ ನಿಲ್ಲಲಿಲ್ಲ. ಆದರೆ ಆ ಸಮಯದಲ್ಲಿ ನಾನು ಮಾಡುವ ರೀತಿ ಬದಲಾಯಿಸಿದೆ. ಒಂದು ವಾರ ಲವಂಗ ಕೆಂಪಿಗೆ, ಮುಂದಿನ ವಾರ ಹಸಿರಿಗೆ. ಇನ್ನೊಂದು ವಾರ ಯಾವುದಕ್ಕೂ ಇಲ್ಲ. ಮಗು ಕಣ್ಣಿನಿಂದ ಹೇಳುತ್ತಿದೆಯೋ ಮೂಗಿನಿಂದ ಹೇಳುತ್ತಿದೆಯೋ ನೋಡಿಕೊಳ್ಳುತ್ತಿದ್ದೆ. ಹೊಸ ಹುಡುಗಿಯರೇ, ತ್ರಾಸ ಯಾಕೆಂದು ಕೇಳಿದಿರಲ್ಲ, ಇದಕ್ಕೆ. ಕೈಯಾರೆ ಮಾಡಿದರೆ ಯಾವುದಕ್ಕೆ ಏನು ಬೆರೆತಿದೆ ಎನ್ನುವುದು ನಿಮಗೆ ಗೊತ್ತಿರುತ್ತದೆ. ಅದು ಗೊತ್ತಿದ್ದರೆ ಮಗುವಿನ ಬಗ್ಗೆಯೂ ಒಂದಿಷ್ಟು ಗೊತ್ತಾಗುತ್ತದೆ.

ಸಂಕ್ರಾಂತಿಯ ಆಸುಪಾಸಿನಲ್ಲಿ ಬಾಳವ್ವ ಅವಳನ್ನು ಕರೆದುಕೊಂಡು ಬಂದಳು. ದಪ್ಪ ಗಾಜಿನ ಕನ್ನಡಕ, ಹಿಂದೆ ದಾರ ಕಟ್ಟಿದ್ದರು, ಬೀಳಬಾರದೆಂದು. ಬಾಗಿಲಲ್ಲಿ ನಿಂತು ಕೋಣೆಯನ್ನೆಲ್ಲ ನೋಡಿದಳು, ಗೋಡೆ ಹಿಡಿಯಲಿಲ್ಲ. ಕಂಡದ್ದಕ್ಕೆಲ್ಲ ಯಾವ ಬಣ್ಣವೆಂದು ಕೇಳಿ ಕೇಳಿ ದವಾಖಾನೆಯವರನ್ನೆಲ್ಲ ದಣಿಸಿದ್ದಳೆಂದು ಬಾಳವ್ವ ಹೇಳಿದಳು. ನಾನು ಅಂದು ಅವಳಿಗೆಂದೇ ಹಿಟ್ಟು ಮಾಡಿದ್ದೆ. ಅವಳು ಹೆದರಬಾರದೆಂದು ಹಳೆಯ ರೀತಿಯಲ್ಲೇ, ಕೆಂಪಿಗೆ ಲವಂಗ, ಹಸಿರಿಗೆ ಪುದೀನಾ, ಎರಡನ್ನೂ ಒಂದು ಹಿಡಿ ಹೆಚ್ಚಾಗಿಯೇ ಕುದಿಸಿ ಹಾಕಿದ್ದೆ. ಉಂಡಿಯನ್ನು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದೆ.

"ಹಿರವಾ" ಅಂದಳು, ಮುಟ್ಟುವ ಮೊದಲೇ.

ಇನ್ನೊಂದು ಹಿಡಿದೆ. "ತಾಂಬಡಾ."

ಅವಳು ಎರಡನ್ನೂ ತೆಗೆದುಕೊಂಡು ಆಗಲೇ ಕುರಿಮರಿ ಮಾಡತೊಡಗಿದ್ದಳು. ನನಗೆ ಕುಣಿಯುವಷ್ಟು ಖುಷಿ. ಆದರೆ ನನ್ನ ಲವಂಗ, ಪುದೀನಾ ಅವಳಿಗೆ ಬೇಕೇ ಆಗಲಿಲ್ಲ. ಅಷ್ಟು ಮುತುವರ್ಜಿಯಿಂದ ಹಾಕಿದ್ದೆನಲ್ಲ. ತಡೆಯಲಾಗದೆ, "ಮಾಯಿ, ಒಮ್ಮೆ ಮೂಸಿ ನೋಡಬೇ" ಅಂದೆ.

ಅವಳು ಕನ್ನಡಕದೊಳಗಿಂದ ನನ್ನ ಮುಖವನ್ನೇ ನೋಡಿದಳು.

"ಯಾಕ್ರಿ ಬಾಯಾರ? ಕಾಣಸ್ತೈತಲ್ಲ."